ಕಸ್ತೂರಿಯ ಎಡಗಾಲು

ಹೊಳೆನರಸೀಪುರ
28-10-1942

ಅಣ್ಣಯ್ಯನಿಗೆ ನಿನ್ನ ಗಂಗೆಯ ಶರಣು.

ಕಸ್ತೂರಿ ನಿನ್ನೆ ಹೊತ್ತು ಇಳಿಯುವ ಮುಂಚೆಯೇ ಬಂದು ಸೇರಿದಳು. ನೀನು ಜೊತೆಗೆ ಕಳಿಸಿದ ಆಳು ದಾರಿಯಲ್ಲಿ ಎರಡು ಕಡೆ ನಿಲ್ಲಿಸಿ ನೀರು ಕುಡಿಸಿದನಂತೆ. ಬೀದಿಯವರೆಲ್ಲ ಬಾಗಿಲಿಗೆ ಬಂದು ನೋಡಿದರು. ಇವರು ದವಾಖಾನೆಯಿಂದ ಎದ್ದು ಬಂದು ಕುದುರೆಯ ಸುತ್ತ ಒಂದು ಸಲ ನಡೆದು, "ನಿಮ್ಮಣ್ಣ ತಮ್ಮ ಮನೆಯದನ್ನೇ ಕೊಟ್ಟುಬಿಟ್ಟರಲ್ಲ!" ಎಂದರು. ಮದುವೆಯಾಗಿ ಆರು ವರ್ಷವಾಯಿತು. ಕಾಯಿ ವ್ಯಾಪಾರದವರು ಎಂದು ಇವರು ನಮ್ಮನ್ನು ತಮಾಷೆ ಮಾಡಿದ್ದನ್ನು ಎಷ್ಟೋ ಸಲ ಕೇಳಿದ್ದೇನೆ. ತವರಿನ ಬಗ್ಗೆ ಇಂಥ ಮಾತು ಕೇಳಿದ್ದು ಇದೇ ಮೊದಲು.

ಪೆಟ್ರೋಲು ಸಿಕ್ಕದೆ ಬಾಡಿಗೆ ಮೋಟಾರುಗಳು ನಿಂತುಹೋಗಿವೆ. ಇದ್ದಿಲಿನಿಂದ ಓಡುವ ಬಸ್ಸು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಹಳ್ಳಿಗಳಿಂದ ಡಾಕ್ಟರನ್ನು ಕರೆಯಲು ಎತ್ತಿನ ಗಾಡಿ ಕಟ್ಟಿಕೊಂಡು ಬರುತ್ತಿದ್ದರು, ಇವರು ತಲುಪುವಷ್ಟರಲ್ಲಿ ರೋಗಿಯ ಸ್ಥಿತಿ ಕೈಮೀರಿರುತ್ತಿತ್ತು. ಇನ್ನು ಆ ಯೋಚನೆಯಿಲ್ಲ.

ಕುದುರೆ ನೋಡಿಕೊಳ್ಳಲು ಮತ್ತು ಗಾಡಿ ಹೊಡೆಯಲು ಬೈರಯ್ಯ ಎಂಬವನನ್ನು ಇಟ್ಟಿದ್ದೇವೆ. ಇಪ್ಪತ್ತು ವರ್ಷ ಜಟಕಾ ಓಡಿಸಿದವನು. ಹಿತ್ತಲ ಕೊಟ್ಟಿಗೆಯ ಪಕ್ಕದ ಮನೆಯಲ್ಲಿ ಹೆಂಡತಿ ಮಾದಮ್ಮ, ಎರಡು ವರ್ಷದ ಮಗಳ ಜೊತೆ ಇದ್ದಾನೆ. ಕಸ್ತೂರಿಯನ್ನು ನೋಡಿದ ಕೂಡಲೇ ಅವನ ಮುಖ ಅರಳಿತು. "ಕಿವಿ ನೋಡ್ರವ್ವಾ, ನಾವ್ ಮಾತಾಡೋದೆಲ್ಲಾ ಕೇಳಿಸ್ಕತಾವ್ಳೆ. ಇನ್ಮ್ಯಾಕೆ ಮನೆ ಗುಟ್ಟ ಇವ್ಳ ಮುಂದೆ ಆಡಂಗಿಲ್ಲ" ಎಂದು ನಗಿಸಿದ.

ಅತ್ತಿಗೆ ಶಿವಗಂಗಮ್ಮನವರಿಗೆ ನನ್ನ ನೆನಪು ಹೇಳು.

ನಿನ್ನ ತಂಗಿ
ಗಂಗಾಂಬಿಕೆ


ಚನ್ನರಾಯಪಟ್ಟಣ
6-11-1942

ಪ್ರೀತಿಯ ಗಂಗೆಗೆ ನಿನ್ನಣ್ಣ ಷಡಕ್ಷರಿ ಮಾಡುವ ಆಶೀರ್ವಾದ.

ಭಾವನವರಿಗೆ ಕುದುರೆ ಒಪ್ಪಿಗೆಯಾಯಿತೆಂದು ಓದಿ ಸಮಾಧಾನವಾಯಿತು. ಕೊಟ್ಟಿಗೆ ಖಾಲಿಯಾಗಿ ನಿನ್ನ ಅತ್ತಿಗೆ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಹುರುಳಿ ಚೆನ್ನಾಗಿ ಬೇಯಿಸಿ, ಆರಿಸಿ ಕೊಡಲಿ. ಮಣ್ಣು ದಾರಿಯಲ್ಲಿ ಎಷ್ಟಾದರೂ ಹೋಗಲಿ, ಕಲ್ಲು ದಾರಿಯಲ್ಲಿ ಓಡಿಸುವುದು ಬೇಡ. ದಿನಾ ಗೊರಸು ನೋಡಲಿ. ಮುಂದಿನ ಎಡಗಾಲನ್ನು ಮಾತ್ರ ಒತ್ತಿ ಉಜ್ಜುವುದು ಬೇಡ, ಅವಳಿಗೆ ಹಿಡಿಸುವುದಿಲ್ಲ. ಒಂದೊಂದು ಪ್ರಾಣಿಗೆ ಒಂದೊಂದು ಅಭ್ಯಾಸ. ಹೀಗೆ ಬರೆದೆನೆಂದು ಬೇರೆ ಏನೂ ಎಣಿಸಬೇಡ.

ಕೊಬ್ಬರಿ ಮಿಠಾಯಿ ಕಳಿಸಿದ್ದೇನೆ.

ಷಡಕ್ಷರಿ


ಹೊಳೆನರಸೀಪುರ
3-12-1942

ಅಣ್ಣಯ್ಯನಿಗೆ ಗಂಗೆಯ ಶರಣು.

ಹಬ್ಬದ ಗಲಾಟೆಯಲ್ಲಿ ಬರೆಯುವುದು ತಡವಾಯಿತು. ಇವತ್ತು ಬರೆಯುತ್ತಿರುವುದಕ್ಕೆ ಕಾರಣವಿದೆ.

ಹದಿನೈದು ದಿನದಿಂದ ಕಸ್ತೂರಿ ಮೊದಲಿನಂತಿಲ್ಲ. ಎಡಗಾಲು ತೊಳೆಯಲು ಬೈರಯ್ಯ ಬಗ್ಗಿದರೆ ಕಿವಿ ಹಿಂದಕ್ಕೆ ಮಡಿಸಿ ಹಲ್ಲು ಕಿರಿಯುತ್ತಾಳೆ. ಕಳೆದ ಸೋಮವಾರ ಅವನ ಭುಜಕ್ಕೆ ಬಾಯಿ ಹಾಕಿದಳು. ಅಂಗಿ ಹರಿದು, ಮಾಂಸ ಕಿತ್ತು, ಇವರು ಆರು ಹೊಲಿಗೆ ಹಾಕಿದರು. ಹೊಲಿಗೆ ಹಾಕಿಸಿಕೊಳ್ಳುತ್ತಲೇ ಅವನು, "ಅವ್ಳ್ದೇನ್ ತಪ್ಪಿಲ್ಲ ಸಾ. ಯಾವ್ದೋ ನೋವೈತೆ, ನಂಗೇ ಸಿಕ್ತಿಲ್ಲ" ಎಂದ. ಗಾಡಿಗೆ ಕಟ್ಟಿದರೆ ಓಡುತ್ತಾಳೆ, ಆದರೆ ಇದ್ದಕ್ಕಿದ್ದಂತೆ ಮುಗ್ಗರಿಸುತ್ತಾಳೆ. ಬೆಳಗ್ಗೆ ಕುಂಟಿದವಳು ಮಧ್ಯಾಹ್ನ ಸರಿಯಾಗಿರುತ್ತಾಳೆ.

ನಾವು ಮಲಗಿದ ಮೇಲೆ ಬೈರಯ್ಯ ಹೊಡೆಯುತ್ತಾನೋ ಏನೋ ಎಂದು ಇವರಿಗೆ ಸಂಶಯ. ನಾನು ಹೊಡೆತದ ಸದ್ದು ಒಂದು ದಿನವೂ ಕೇಳಿಲ್ಲ. ನಿಮ್ಮಲ್ಲಿದ್ದಾಗ ಆ ಕಾಲಿಗೆ ಏನಾದರೂ ಆಗಿತ್ತೇ ಎಂದು ಕೇಳಿ ಬರೆ ಎಂದರು. ಕೇಳಿದ್ದೇನೆ.

ಗಂಗಾಂಬಿಕೆ


ಚನ್ನರಾಯಪಟ್ಟಣ
12-12-1942

ಗಂಗೆಗೆ ಆಶೀರ್ವಾದ.

ಕಾಗದ ತಲುಪಿತು. ನಮ್ಮ ಮನೆಯಲ್ಲಿದ್ದ ಐದು ವರ್ಷ ಕಸ್ತೂರಿಗೆ ಕಾಲಿನ ತೊಂದರೆ ಯಾವುದೂ ಇರಲಿಲ್ಲ. ಯಾರನ್ನೂ ಕಚ್ಚಿದವಳಲ್ಲ. ಹೊಸಬರ ಕೈಯಲ್ಲಿ ಏಟು ತಿಂದರೆ ಒಳ್ಳೆಯ ಕುದುರೆಯೂ ಕೆಡುತ್ತದೆ. ಜಟಕಾದವರ ಕೈ ಒರಟು ಎಂಬುದು ಎಲ್ಲರಿಗೂ ಗೊತ್ತಿರುವುದೇ. ಭಾವನವರು ಆಳಿನ ಮೇಲೆ ಒಂದು ಕಣ್ಣಿಡುವುದು ಒಳ್ಳೆಯದು.

ಈ ಕಾಗದವನ್ನು ಅವರಿಗೆ ತೋರಿಸಬಹುದು.

ಷಡಕ್ಷರಿ


ಹೊಳೆನರಸೀಪುರ
19-1-1943

ಅಣ್ಣಯ್ಯನಿಗೆ,

ಸಂಕ್ರಾಂತಿಯ ಮಾರನೆಯ ದಿನ ಬೆಳಗ್ಗೆ ಇವರು ಜ್ವರದ ರೋಗಿಯೊಬ್ಬರನ್ನು ನೋಡಲು ಹೊಳೆಯಾಚೆಗೆ ಹೊರಟಿದ್ದರು. ಹೊಳೆಗೆ ಇಳಿಯುವ ಇಳಿಜಾರಿನಲ್ಲಿ ಕಸ್ತೂರಿ ಎಡಗಾಲು ಮಡಿಚಿಕೊಂಡು ಮುಂದಕ್ಕೆ ಕುಸಿದಳು. ಗಾಡಿ ಮಗುಚಿತು. ಇವರ ಬಲಗೈ ಅಡಿಯಲ್ಲಿ ಸಿಕ್ಕಿ ಮಣಿಕಟ್ಟಿನ ಮೂಳೆ ಎರಡು ಕಡೆ ಮುರಿದಿದೆ. ಹಾಸನದ ಆಸ್ಪತ್ರೆಯಲ್ಲಿ ಕಟ್ಟು ಹಾಕಿ ಕಳಿಸಿದ್ದಾರೆ. ಹೊಲಿಗೆ ಹಾಕುವ, ಸೂಜಿ ಹಿಡಿಯುವ ಕೆಲಸ ಇನ್ನು ಹೇಗೋ ತಿಳಿಯದು ಎಂದು ಅಲ್ಲಿಯ ಡಾಕ್ಟರೇ ಹೇಳಿದರಂತೆ. ಇವರು ನನಗೆ ಹೇಳಲಿಲ್ಲ, ಕಾಂಪೌಂಡರ್ ರಾಮಣ್ಣ ಹೇಳಿದ.

ಆಸ್ಪತ್ರೆಯಿಂದ ಬಂದ ದಿನವೇ ಬೈರಯ್ಯನನ್ನು ಜಗುಲಿಗೆ ಕರೆಸಿದರು. ಅವನಿಗೂ ಮೊಣಕಾಲು ತರಚಿತ್ತು. "ಕುದುರೆಗೆ ಏನು ಮಾಡಿದ್ದೀಯ, ಬಾಯಿಬಿಟ್ಟು ಹೇಳು" ಎಂದರು.

"ಒಂದೇಟೂ ಆಕಿಲ್ಲ ಸಾ. ನನ್ ಮಗೀನ್ ಮ್ಯಾಲಾಣೆ. ಕಾಲ್ ಊರಿದ್ದು ಅದ್ಕೇ ಗೊತ್ತಾಯ್ತಿಲ್ಲ ಸಾ. ನೆಲ ಐತೋ ಇಲ್ವೋ ಅನ್ನಂಗೆ ಇಡ್ತದೆ. ಅದು ಇವತ್ತಿನ್ ಕಾಯ್ಲೆ ಅಲ್ಲ. ಇಲ್ಲಿಗ್ ಬರೋಕ್ ಮುಂಚೇನೇ ಇದ್ದಿದ್ದು."

ಇವರು ಒಳಗಿನಿಂದ ನಿನ್ನ ಕಾಗದ ತರಿಸಿ ಗಟ್ಟಿಯಾಗಿ ಓದಿದರು. "ಹಾಗಾದರೆ ಇವಳ ಅಣ್ಣ ಸುಳ್ಳು ಬರೆದರೇ?" ಎಂದರು. ಬೈರಯ್ಯ ನನ್ನ ಕಡೆ ನೋಡಿದ. ಮಾದಮ್ಮ ಮಗುವನ್ನು ಸೊಂಟದಲ್ಲಿಟ್ಟುಕೊಂಡು ಮೆಟ್ಟಿಲ ಕೆಳಗೆ ನಿಂತಿದ್ದಳು. "ಅವ್ವಾ, ನೀವಾರಾ ಒಂದ್ ಮಾತ್ ಏಳ್ರವ್ವಾ. ನೀವು ದಿನಾ ನೋಡಿದ್ದೀರಿ" ಎಂದಳು.

ನಾನು ಒಳಗೆ ಹೋದೆ.

ಆ ಸಂಜೆಯೇ ಅವರು ಮನೆ ಖಾಲಿ ಮಾಡಿದರು. ಮಲ್ಲಿಪಟ್ಟಣದಲ್ಲಿ ಮಾದಮ್ಮನ ತವರು, ಅಲ್ಲಿಗೆ ಹೋದರೆಂದು ಕೇಳಿದೆ.

ಅಣ್ಣಯ್ಯ, ಒಂದು ಸಲ ಬಂದು ಹೋಗು. ಬರಲಾಗದಿದ್ದರೆ ಬರೆ.

ಗಂಗೆ


ಹೊಳೆನರಸೀಪುರ
16-2-1943

ಅಣ್ಣಯ್ಯನವರಿಗೆ,

ನಾಲ್ಕು ವಾರವಾಯಿತು, ನಿಮ್ಮಿಂದ ಒಂದು ಕಾರ್ಡೂ ಬರಲಿಲ್ಲ. ನೀವು ಯಾಕೆ ಬರೆಯಲಿಲ್ಲ ಎಂಬುದು ನನಗೆ ನಿನ್ನೆ ಗೊತ್ತಾಯಿತು.

ಬೈರಯ್ಯ ಹೋದ ಮೇಲೆ ಕಸ್ತೂರಿಯ ಹತ್ತಿರ ಯಾರೂ ಹೋಗುತ್ತಿರಲಿಲ್ಲ. ನಾನೇ ದೂರದಿಂದ ಕೋಲಿನಲ್ಲಿ ಹುಲ್ಲು ತಳ್ಳುತ್ತಿದ್ದೆ. ಕೊಟ್ಟಿಗೆಯಲ್ಲಿ ಕೆಟ್ಟ ವಾಸನೆ ಹತ್ತಿತು. ಹಾಸನದಿಂದ ದನದ ಡಾಕ್ಟರು ಬಂದರು. ನಾಲ್ಕು ಜನ ಸೇರಿ ಹಗ್ಗ ಹಾಕಿ ಕೆಡವಿ, ಎಡಗಾಲಿನ ಗೊರಸು ನೋಡಿದರೆ ಬೆರಳುದ್ದದ ಮೊಳೆ ಒಳಗೆ ಹೊಕ್ಕು ಕೀವಾಗಿ ಕೊಳೆತುಹೋಗಿತ್ತು. ಅವರು ಅದನ್ನು ಇಕ್ಕಳದಲ್ಲಿ ಕಿತ್ತರು. ಕಸ್ತೂರಿ ಅಲುಗಲೇ ಇಲ್ಲ. ಅದನ್ನು ನೋಡಿ ಅವರ ಮುಖ ಬದಲಾಯಿತು. ಗೊರಸಿನಿಂದ ಒಂದು ಗೇಣು ಮೇಲೆ ಬೆರಳಿಟ್ಟು ಮೆಲ್ಲಗೆ ಒತ್ತಿದರು. ಅವಳು ಅರಚಿದ್ದು ಬೀದಿಯ ತುದಿಗೆ ಕೇಳಿಸಿತಂತೆ.

ಅಲ್ಲಿ ಕೂದಲು ಬೋಳಿಸಿದರು. ಎರಡು ಪಕ್ಕದಲ್ಲೂ ಒಂದೊಂದು ಗೆರೆ, ನೇರವಾಗಿ ಕೊಯ್ದು ಹೊಲಿದದ್ದು. "ಕುಂಟುವುದು ಕಾಣಬಾರದೆಂದು ನರ ಕತ್ತರಿಸಿದ್ದಾರೆ. ಕೆಳಗೆ ಕಾಲಿದೆ ಎನ್ನುವುದೇ ಇದಕ್ಕೆ ತಿಳಿಯುವುದಿಲ್ಲ. ಕತ್ತರಿಸಿದ ತುದಿ ಗಂಟುಗಟ್ಟಿ, ಮುಟ್ಟಿದರೆ ಪ್ರಾಣ ಹೋಗುವ ನೋವು. ಇದಾಗಿ ಏಳೆಂಟು ತಿಂಗಳಾದರೂ ಆಗಿದೆ" ಎಂದರು. ಕುದುರೆ ಇಲ್ಲಿಗೆ ಬಂದು ನಾಲ್ಕು ತಿಂಗಳೂ ಆಗಿಲ್ಲ. ಇವರು ಕಟ್ಟು ಹಾಕಿದ ಕೈಯನ್ನು ಎದೆಗೆ ಒತ್ತಿಕೊಂಡು ಅದನ್ನು ಕೇಳಿದರು. ನನ್ನ ಕಡೆ ನೋಡಲಿಲ್ಲ. ನಿನ್ನೆಯಿಂದ ನನ್ನನ್ನು ಒಂದು ಮಾತೂ ಕೇಳಿಲ್ಲ. ಕೇಳಿದ್ದರೆ ಬದುಕಿಕೊಳ್ಳುತ್ತಿದ್ದೆ.

ನಿಮ್ಮನ್ನು ಬೈಯಲು ನನಗೆ ಬಾಯಿಲ್ಲ, ಅಣ್ಣಯ್ಯ. ಕಳೆದ ಯುಗಾದಿಗೆ ನಾನು ಚನ್ನರಾಯಪಟ್ಟಣಕ್ಕೆ ಬಂದಿದ್ದಾಗ ಕಸ್ತೂರಿ ಕೊಟ್ಟಿಗೆಯಲ್ಲಿ ಮೂರು ಕಾಲಿನ ಮೇಲೆ ನಿಂತಿದ್ದಳು. ಅತ್ತಿಗೆ ಬಿಸಿನೀರಿನ ಶಾಖ ಕೊಡುತ್ತಿದ್ದರು. ನಾನು ನೋಡಿದ್ದೆ. ಇವರು ಕುದುರೆ ಬೇಕೆಂದಾಗ ನೀವು ಇದನ್ನೇ ಕಳಿಸುತ್ತೀರೆಂದು ತಿಳಿದ ದಿನವೂ ನನಗೆ ಅದು ನೆನಪಿತ್ತು. ವಾಸಿಯಾಗಿರಬೇಕು ಅಂದುಕೊಂಡೆ. ಬೈರಯ್ಯ ಜಗುಲಿಯಲ್ಲಿ ನಿಂತು ನನ್ನ ಕಡೆ ನೋಡಿದಾಗಲೂ ನೆನಪಿತ್ತು. ನಾನು ಬಾಯಿ ತೆರೆದಿದ್ದರೆ ನನ್ನಣ್ಣ ಸುಳ್ಳುಗಾರನಾಗುತ್ತಿದ್ದ.

ಇದನ್ನು ಯಾರಿಗೂ ತೋರಿಸಬೇಡಿ.

ಗಂಗಾಂಬಿಕೆ


ಚನ್ನರಾಯಪಟ್ಟಣ
22-2-1943

ಗಂಗೆಗೆ,

ನೀನು ನನ್ನನ್ನು 'ನೀವು' ಎಂದು ಬರೆದದ್ದನ್ನು ಎರಡು ಸಲ ಓದಿದೆ.

ನಡೆದದ್ದನ್ನು ಹೇಳುತ್ತೇನೆ. ಬೆಂಗಳೂರು ದಂಡಿನಲ್ಲಿ ಕುದುರೆಗಳ ಕೆಲಸ ಮಾಡಿದ್ದವನೊಬ್ಬ ಜೂನ್ ತಿಂಗಳಲ್ಲಿ ಇಲ್ಲಿಗೆ ಬಂದಿದ್ದ. ಒಂದು ಗಂಟೆಯ ಕೆಲಸ, ಮತ್ತೆ ಕುಂಟುವುದಿಲ್ಲ ಎಂದ. ನರ ಕತ್ತರಿಸುತ್ತೇನೆಂದೂ ಹೇಳಿದ. ನಾನು ಹೂಂ ಎಂದೆ. ಹದಿನೈದು ದಿನಕ್ಕೆ ಅವಳು ಮರಿಯ ಹಾಗೆ ಓಡಿದಳು. ಹೋಗುವಾಗ ಅವನು ಒಂದು ಮಾತು ಹೇಳಿದ್ದ: "ಇದು ವಾಸಿಯಲ್ಲ ಸ್ವಾಮಿ, ಕಾಲಿಗೆ ಏನಾದರೂ ಅದಕ್ಕೆ ತಿಳಿಯುವುದಿಲ್ಲ, ನೀವೇ ದಿನಾ ನೋಡಬೇಕು." ಅದನ್ನು ನಿನಗೆ ಅರ್ಧ ಬರೆದೆ, ಅರ್ಧ ಬರೆಯಲಿಲ್ಲ.

ನಿನ್ನನ್ನು ಕೊಟ್ಟ ಮೇಲೆ ಭಾವನವರು ನಮ್ಮನ್ನು ಏನನ್ನೂ ಕೇಳಿದವರಲ್ಲ. ಅವರು ಕುದುರೆ ಬೇಕೆಂದಾಗ ಇಲ್ಲವೆನ್ನಲು ನಾಲಗೆ ಬರಲಿಲ್ಲ. ಇದು ನೆಪ ಎಂದು ನನಗೂ ಗೊತ್ತು. ಕಸ್ತೂರಿ ನನ್ನ ಕಣ್ಣೆದುರು ಕುಸಿದು ಬೀಳಬಾರದು ಎಂಬುದೂ ಮನಸ್ಸಿನಲ್ಲಿತ್ತು.

ಆಳಿನ ಮೇಲೆ ಹಾಕಿ ಬರೆದಾಗ ಅವನೊಬ್ಬ ಮನುಷ್ಯ ಎಂದೇ ನನಗೆ ತೋಚಲಿಲ್ಲ. ಅವನ ಮುಖವನ್ನೇ ನಾನು ನೋಡಿರಲಿಲ್ಲ. ಕಾಗದದಲ್ಲಿ ಬರೆಯುವುದು ಎಷ್ಟು ಸುಲಭವಾಯಿತು ನೋಡು.

ಭಾವನವರಿಗೆ ನಾನೇ ಬರೆಯಲೇ, ಬಂದು ಕಾಲು ಹಿಡಿಯಲೇ, ನೀನೇ ಹೇಳು.

ಷಡಕ್ಷರಿ


ಹೊಳೆನರಸೀಪುರ
4-3-1943

ಅಣ್ಣಯ್ಯನವರಿಗೆ,

ಕಸ್ತೂರಿಗೆ ಶನಿವಾರ ಗುಂಡಿಕ್ಕಿಸಿದರು. ಗೊರಸು ಕಳಚಿ ಬರುವ ಹಾಗಾಗಿತ್ತು. ಬಂದೂಕಿದ್ದ ಪಟೇಲರನ್ನು ಕರೆಸಿ, ಹೊಳೆ ದಂಡೆಗೆ ಸಾಗಿಸಿ ಮುಗಿಸಿದರು. ನಾನು ಹೋಗಲಿಲ್ಲ. ಸದ್ದು ಕೇಳಿಸಿತು.

ಆ ಮಧ್ಯಾಹ್ನ ಇವರಿಗೆ ಎಲ್ಲವನ್ನೂ ಹೇಳಿದೆ, ಯುಗಾದಿಯದನ್ನೂ. ಬೈಯುತ್ತಾರೆಂದು, ತವರಿಗೆ ಕಳಿಸುತ್ತಾರೆಂದು ಅಂದುಕೊಂಡಿದ್ದೆ. ಇವರು ಪೂರ್ತಿ ಕೇಳಿ, ಆಮೇಲೆ ಎಂದರು: "ನಾನು ಡಾಕ್ಟರು. ಎಲ್ಲಿ ನೋವು ಎಂದು ರೋಗಿಯನ್ನು ಕೇಳುವವನು. ಬೈರಯ್ಯ ನೋವಿದೆ ಎಂದ ದಿನ ಅವನ ಭುಜಕ್ಕೆ ಹೊಲಿಗೆ ಹಾಕಿ ಕಳಿಸಿದೆ. ಕೊಟ್ಟಿಗೆಗೆ ಹೋಗಿ ಆ ಕಾಲನ್ನು ಒಂದು ಸಲ ಮುಟ್ಟಿ ನೋಡಲಿಲ್ಲ." ಅಷ್ಟೇ. ನಿಮ್ಮ ಬಗ್ಗೆ ಏನೂ ಹೇಳಲಿಲ್ಲ. ಬೈದಿದ್ದರೆ ವಾಸಿಯಿತ್ತು.

ನೀವು ಇಲ್ಲಿಗೆ ಬರುವುದು ಬೇಡ. ಮಲ್ಲಿಪಟ್ಟಣಕ್ಕೆ ಹೋಗಿ. ಬೈರಯ್ಯನನ್ನು ಹುಡುಕಿ, ನನಗೆ ಬರೆದದ್ದನ್ನು ಅವನೆದುರು ನಿಂತು ಬಾಯಲ್ಲಿ ಹೇಳಿ. ನನ್ನದನ್ನೂ ಹೇಳಿ. ವಾಪಸು ಬರುವುದಾದರೆ ಮನೆ ಹಾಗೆಯೇ ಇದೆ ಎಂದು ಇವರು ಹೇಳಿಕಳಿಸಿದ್ದಾರೆ.

ಗಂಗಾಂಬಿಕೆ


ಅರಕಲಗೂಡು
25-3-1943

ಗಂಗೆಗೆ,

ಮಲ್ಲಿಪಟ್ಟಣದಿಂದ ಬಂದು ಇಲ್ಲಿ ಛತ್ರದಲ್ಲಿ ಕೂತು ಬರೆಯುತ್ತಿದ್ದೇನೆ. ಬೈರಯ್ಯ ಸಿಕ್ಕಿದ. ಒಬ್ಬರ ಬಾವಿ ತೋಡುವ ಕಡೆ ಮಣ್ಣು ಹೊರುತ್ತಿದ್ದ. ನನ್ನ ಹೆಸರು ಹೇಳಿದಾಗ ಬುಟ್ಟಿ ಕೆಳಗಿಟ್ಟು, ತಲೆಯ ಬಟ್ಟೆ ಬಿಚ್ಚಿ ಕೈಮುಗಿದ. ನಾನು ನಾಚಿ ನೆಲ ನೋಡಿದೆ.

ಡಾಕ್ಟರ ಕುದುರೆಯ ಕಾಲು ಮುರಿದವನು ಎಂಬ ಮಾತು ಅವನಿಗಿಂತ ಮುಂಚೆ ಅಲ್ಲಿಗೆ ತಲುಪಿತ್ತಂತೆ. ಕೆಂಪಣ್ಣ ಎಂಬ ಹಿಡುವಳಿದಾರರ ಮನೆಯಲ್ಲಿ ಎತ್ತು ನೋಡಿಕೊಳ್ಳುವ ಕೆಲಸಕ್ಕೆ ಗೊತ್ತುಮಾಡಿಕೊಂಡು, ಎರಡನೆಯ ದಿನ ಬೇಡವೆಂದರಂತೆ. ಆಮೇಲೆ ಯಾರೂ ಒಂದು ಕರುವನ್ನೂ ಅವನ ಕೈಗೆ ಕೊಟ್ಟಿಲ್ಲ.

ನಾನು ಎಲ್ಲವನ್ನೂ ಹೇಳಿದೆ. ಅವನು ನಡುವೆ ಒಂದೇ ಸಲ ಬಾಯಿ ತೆರೆದ: "ಅಂಗಾರೆ ಅವ್ಳಿಗೆ ನೋವಿದ್ದುದ್ದು ಮ್ಯಾಲೇನಾ? ನಾನು ದಿನಾ ಅಲ್ಲೇ ಇಡ್ಕಂಡು ತೊಳೀತಿದ್ನಲ್ಲ ಸಾಮಿ." ಎರಡು ಕೈಯನ್ನೂ ತಿರುಗಿಸಿ ನೋಡಿಕೊಂಡ. ಕುದುರೆ ಸತ್ತದ್ದನ್ನು ಹೇಳಿದಾಗ ಎದ್ದು ಸ್ವಲ್ಪ ದೂರ ಹೋಗಿ ನಿಂತ.

ವಾಪಸು ಬಾ ಎಂದೆ. ಬರುವುದಿಲ್ಲ ಎಂದ. ನಮ್ಮಲ್ಲಿಗಾದರೂ ಬಾ ಎಂದೆ. ಅದಕ್ಕೂ ತಲೆಯಾಡಿಸಿದ. "ನಂಗೆ ನೀವೇನೂ ಕೊಡ್ಬ್ಯಾಡಿ. ಈಗ ನಂಗೆ ಏಳಿದ್ರಲ್ಲ, ಅದ್ನೇ ಕೆಂಪಣ್ಣಾರ ಜಗಲಿ ಮ್ಯಾಲೆ ನಾಕ್ ಜನದ್ ಮುಂದೆ ಏಳ್ಬುಡಿ. ಅಷ್ಟ್ ಸಾಕು" ಎಂದ.

ಹೋದೆ. ಏಳೆಂಟು ಜನ ಕೂತಿದ್ದರು. ನಿಂತು ಹೇಳಿದೆ, ನನ್ನ ಹೆಸರು, ಊರು ಎಲ್ಲ ಸೇರಿಸಿ. ಬೈರಯ್ಯ ಬೀದಿಯಲ್ಲೇ ನಿಂತಿದ್ದ. ಕೆಂಪಣ್ಣ ಎಲೆ ಅಡಿಕೆ ಹಾಕಿಕೊಳ್ಳುತ್ತ ಕೇಳಿ, "ಸರಿ ಬುಡಿ ಸ್ವಾಮಿ, ದೊಡ್ಡೋರ್ ಮನೆ ಇಚಾರ. ಈಗ ನಮ್ಮೆತ್ಗೆ ಬ್ಯಾರೆ ಆಳ್ ಗೊತ್ತಾಗವ್ನೆ" ಎಂದರು. ಯಾರೋ ಒಬ್ಬರು ಈ ವರ್ಷ ಕೊಬ್ಬರಿ ಧಾರಣೆ ಹೇಗಿದೆ ಎಂದು ಕೇಳಿದರು. ಅದಕ್ಕೂ ಉತ್ತರ ಹೇಳಿ ಬಂದೆ. ಹೊರಗೆ ಬಂದಾಗ ಬೈರಯ್ಯ ಹೊರಟುಹೋಗಿದ್ದ.

ನಿನ್ನದನ್ನು ನಾನು ಹೇಳಲಿಲ್ಲ, ಗಂಗೆ. ಹೇಳಬೇಕೆಂದೇ ಹೋಗಿದ್ದೆ. ಆಗಲಿಲ್ಲ.

ಷಡಕ್ಷರಿ


ಹೊಳೆನರಸೀಪುರ
30-6-1943

ಅಣ್ಣಯ್ಯನವರಿಗೆ,

ಮೂರು ತಿಂಗಳಿಂದ ಬರೆಯಲಿಲ್ಲ. ಇವರ ಕೈ ಸೊಟ್ಟಗೆ ಕೂಡಿಕೊಂಡಿದೆ. ಹೊಲಿಗೆ ಹಾಕಲು ಆಗುವುದಿಲ್ಲ. ಹತ್ತಿರದ ಹಳ್ಳಿಗಳಿಗೆ ನಡೆದು ಹೋಗುತ್ತಾರೆ. ಮನೆಯಲ್ಲಿ ಮಾತು ಇದೆ, ಊಟವಾಯಿತೇ ಎಂದು ಕೇಳುವಷ್ಟು.

ನಿನ್ನೆ ಮಧ್ಯಾಹ್ನ ಮಾದಮ್ಮ ಬಂದಿದ್ದಳು. ಮಗುವಿಗೆ ಎಂಟು ದಿನದಿಂದ ಜ್ವರವಂತೆ. ಅರಕಲಗೂಡಿನವರೆಗೆ ಯಾರದೋ ಗಾಡಿಯಲ್ಲಿ ಬಂದು, ರಾತ್ರಿ ಅಲ್ಲಿ ತಂಗಿ, ಇನ್ನೊಂದು ಗಾಡಿ ಹಿಡಿದು ಬಂದಿದ್ದಾಳೆ. ಹಿತ್ತಲಿನಿಂದ ಬರಲಿಲ್ಲ. ದವಾಖಾನೆಯ ಮುಂದೆ ಉಳಿದ ರೋಗಿಗಳ ಜೊತೆ ಸಾಲಿನಲ್ಲಿ ಕೂತಿದ್ದಳು. ಇವರು ಕಂಡ ತಕ್ಷಣ ಎದ್ದು ಹೋಗಿ ಮಗುವನ್ನು ಎತ್ತಿಕೊಂಡರು. "ಡಾಕ್ಟ್ರ ಕೈಗುಣ ನಂಗೊತ್ತು, ಅದ್ಕೇ ಬಂದೆ" ಎಂದಳು. ಇವರು ಮಗುವಿಗೆ ಮದ್ದು ಕುಡಿಸಿದರು. ಎರಡು ದಿನ ಇಲ್ಲೇ ಇರಬೇಕು ಎಂದರು. ದವಾಖಾನೆಯ ಜಗುಲಿಯಲ್ಲೇ ಮಲಗುತ್ತೇನೆ ಎಂದಳು.

ನಾನು ಮಜ್ಜಿಗೆ ತೆಗೆದುಕೊಂಡು ಹೋದೆ. "ಬ್ಯಾಡಿ ಅವ್ವಾ, ಕುಡ್ಕಂಡೇ ಬಂದೆ" ಎಂದಳು. ಅವಳ ತುಟಿ ಒಣಗಿ ಒಡೆದಿತ್ತು.

ಆಗ ಹೇಳಿದೆ. ನೀವು ಹೇಳದೆ ಬಿಟ್ಟದ್ದನ್ನು ಸಾಲಿನಲ್ಲಿ ಕೂತವರೆಲ್ಲ ಕೇಳುವ ಹಾಗೆಯೇ ಹೇಳಿದೆ. ನನಗೆ ಮೊದಲಿನಿಂದ ಗೊತ್ತಿತ್ತು ಮಾದಮ್ಮ, ನಿನ್ನ ಗಂಡನ ತಪ್ಪಿಲ್ಲವೆಂದು ಗೊತ್ತಿದ್ದೂ ಒಳಗೆ ಹೋದೆ ಎಂದೆ. ಅವಳು ಮಗುವಿನ ಹಣೆ ಒರೆಸುತ್ತಿದ್ದಳು. "ಗೊತ್ತು ಕಣವ್ವಾ" ಎಂದಳು. "ನೀವು ಒಳೀಕ್ ಓದಾಗ್ಲೇ ಗೊತ್ತಾಯ್ತು ನಮ್ಗೆ."

ಬೈರಯ್ಯ ಹೇಗಿದ್ದಾನೆ, ಈಗಲಾದರೂ ಯಾರಾದರೂ ಎತ್ತು ಕುದುರೆ ಕೆಲಸ ಕೊಟ್ಟರೇ ಎಂದು ಕೇಳಿದೆ.

"ಕೊಟ್ಟವ್ರೆ. ರಾಮನಾಥ್‌ಪುರ್‌ದಲ್ಲಿ ಒಬ್ರು ಕುದ್ರೆ ತಂದವ್ರೆ, ಮನೆಗಂಟ ಬಂದು ಕರುದ್ರು. ಇವ್ರೇ ಓಗಾಕಿಲ್ಲ. ಮುಟ್ಟಿದ್ರೆ ಎಲ್ ನೋಯ್ತದೋ ಅಂತಾರೆ. ಬೀದೀಲಿ ಕರ ಅಡ್ಡ ಬಂದ್ರೂ ಕೈ ಇಂದೆ ಕಟ್ಕಂಡು ನಿಂತ್ಕತಾರೆ."

ಅಷ್ಟರಲ್ಲಿ ರಾಮಣ್ಣ ಮುಂದಿನವರನ್ನು ಕೂಗಿದ. ಮಾದಮ್ಮ ಮಗುವನ್ನು ಎತ್ತಿಕೊಂಡು ನೆರಳಿದ್ದ ಕಡೆಗೆ ಸರಿದು ಕೂತಳು. ನಾನು ಮಜ್ಜಿಗೆಯ ಲೋಟ ಹಿಡಿದು ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದೆ.

ಮಗುವಿನ ಜ್ವರ ಇವತ್ತು ಇಳಿದಿದೆ.

ಗಂಗಾಂಬಿಕೆ